ಬ್ರಹ್ಮಪುತ್ರದ ಪಾಠದಲ್ಲಿ ಕಿಂಥುಪ್ ಯಾಕಿಲ್ಲ?

ಟಿಬೆಟ್‌ನ ಸಾಂಗ್‌ಪೋ ನದಿಯೇ ಅಸ್ಸಾಂಗೆ ಬಂದು ಬ್ರಹ್ಮಪುತ್ರ ಆಗುತ್ತದೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆವು, ಅಲ್ವಾ? ಆದರೆ ಅದು ಗೊತ್ತಾಗಿದ್ದು ಹೇಗೆ, ಅದಕ್ಕಾಗಿ ಕಿಂಥುಪ್ ಅನ್ನುವವನೊಬ್ಬ ಎಷ್ಟು ಪಾಡು ಪಟ್ಟ ಅಂತ ನನಗಂತೂ ಯಾರೂ ಹೇಳಿಕೊಡಲಿಲ್ಲ.

ಈ ನದಿಯ ಬಗ್ಗೆ ಹಳೆಯ ಬರಹಗಳಿಗೆ ಬರವಿಲ್ಲ. ಪರಶುರಾಮ ಕೊಡಲಿಯಿಂದ ದಾರಿ ಕಡಿದು ಇದನ್ನು ಬಯಲಿಗೆ ಬಿಟ್ಟ ಅನ್ನುತ್ತದೆ ಕಾಳಿಕಾ ಪುರಾಣ. 1662-63ರಲ್ಲಿ ಮೊಘಲ್ ಸೇನಾಪತಿ ಮೀರ್ ಜುಮ್ಲಾನ ದಂಡು ಅಸ್ಸಾಂಗೆ ನುಗ್ಗಿದಾಗಿನ ಕಥೆಯನ್ನು ಜೊತೆಗಿದ್ದ ಶಿಹಾಬುದ್ದೀನ್ ತಾಲಿಷ್ ಬರೆದಿಟ್ಟ. ಇವರೆಲ್ಲ ನೋಡಿದ್ದು ಕೆಳಗಿನ ನದಿಯನ್ನು. ಮೇಲೆ ಹಿಮಾಲಯದ ಆಚೆ ಏನಿದೆ ಅನ್ನುವುದು ಬರೀ ಊಹೆ. ಫ್ರಾನ್ಸ್‌ನ ನಕ್ಷೆಗಾರ ದಾನ್ವಿಲ್ ಸಾಂಗ್‌ಪೋವನ್ನು ಬರ್ಮಾದ ಐರಾವತಿಗೆ ಸೇರಿಸಿಬಿಟ್ಟಿದ್ದ. 1765ರಲ್ಲಿ ಅಸ್ಸಾಂ ಗಡಿಯವರೆಗೆ ಹೋದ ಬ್ರಿಟಿಷ್ ಸರ್ವೆಯರ್ ಜೇಮ್ಸ್ ರೆನೆಲ್, ಇಷ್ಟು ದೊಡ್ಡ ನದಿ ಸಾಂಗ್‌ಪೋನೇ ಇರಬೇಕು ಅಂದ. ಸರಿಯಾದ ಊಹೆ, ಆದರೆ ಸಾಕ್ಷಿ ಇರಲಿಲ್ಲ. ಸುಮಾರು 3,000 ಮೀಟರ್ ಎತ್ತರದಲ್ಲಿ ಹರಿಯುವ ನೀರು ಕಣಿವೆಯೊಳಗೆ ಮಾಯವಾಗಿ, 200 ಮೀಟರ್‌ಗಿಂತ ಕೆಳಗಿನ ಬಯಲಿನಲ್ಲಿ ಕಾಣಿಸಿಕೊಳ್ಳುತ್ತದೆ ಅಂದರೆ ಯಾರು ನಂಬುತ್ತಾರೆ?

1880ರಲ್ಲಿ ಬ್ರಿಟಿಷ್ ಸರ್ಕಾರದ ಸರ್ವೆ ಇಲಾಖೆಯ ಕ್ಯಾಪ್ಟನ್ ಹಾರ್ಮನ್ ಒಂದು ಉಪಾಯ ಮಾಡಿದ. ಗುರುತು ಹಾಕಿದ ಮರದ ತುಂಡುಗಳನ್ನು ಸಾಂಗ್‌ಪೋಗೆ ಎಸೆಯುವುದು, ಕೆಳಗೆ ಅಸ್ಸಾಂನಲ್ಲಿ ಕಾದು ನೋಡುವುದು. ಈ ಕೆಲಸಕ್ಕೆ ಒಬ್ಬ ಲಾಮಾನನ್ನು ಕಳಿಸಿದರು. ಅವನ ಜೊತೆಗೆ ಸಿಕ್ಕಿಂನ ಕಿಂಥುಪ್. ಓದು ಬರಹ ಬಾರದವನು. ಲಾಮಾ ದಾರಿಯಲ್ಲೇ ಕಿಂಥುಪ್‌ನನ್ನು ಜೀತಕ್ಕೆ ಮಾರಿ ಪರಾರಿಯಾದ.

ಯಾರೇ ಆಗಿದ್ದರೂ ತಪ್ಪಿಸಿಕೊಂಡು ಸೀದಾ ಮನೆಗೆ ಹೋಗುತ್ತಿದ್ದರು. ಕಿಂಥುಪ್ ತಪ್ಪಿಸಿಕೊಂಡ, ಆದರೆ ನದಿಯ ದಾರಿ ಹಿಡಿದ. ಬೆನ್ನಟ್ಟಿ ಬಂದವರಿಂದ ಅವನನ್ನು ಉಳಿಸಿದ್ದು ಒಂದು ಮಠದ ಹಿರಿಯ ಲಾಮಾ, 50 ರೂಪಾಯಿ ಕೊಟ್ಟು ಕೊಂಡುಕೊಂಡ. ಆಮೇಲೆ ಕಿಂಥುಪ್ ಅವನ ಹತ್ತಿರ ತೀರ್ಥಯಾತ್ರೆಯ ನೆಪ ಹೇಳಿ ರಜೆ ಕೇಳಿ, 500 ತುಂಡು ಕಡಿದು ಗುಹೆಯಲ್ಲಿ ಬಚ್ಚಿಟ್ಟ. ಮತ್ತೆ ರಜೆ ಪಡೆದು ಲ್ಹಾಸಾಗೆ ನಡೆದು, ಬರೆಯಬಲ್ಲವರ ಕೈಯಲ್ಲಿ ಕಾಗದ ಬರೆಸಿದ: ಇಂಥ ತಿಂಗಳು, ಇಂಥ ದಿನಗಳಲ್ಲಿ ದಿನಕ್ಕೆ 50 ತುಂಡು ಬಿಡುತ್ತೇನೆ. ವಾಪಸ್ ಬಂದು ಹೇಳಿದಂತೆಯೇ ಬಿಟ್ಟ.

ಅಸ್ಸಾಂನಲ್ಲಿ ಕಾಯಲು ಯಾರೂ ಇರಲಿಲ್ಲ. ಕಾಗದ ಹಾರ್ಮನ್ ಕೈಗೆ ಸೇರಲಿಲ್ಲ, ಅವನು ಆಗಲೇ ಕಾಯಿಲೆ ಬಿದ್ದು ಊರು ಬಿಟ್ಟಿದ್ದ. ಆ ತುಂಡುಗಳು ಸುಮ್ನೆ ತೇಲಿ ಹೋದವು. ಈ ಸಾಲು ಓದುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

1884ರಲ್ಲಿ ಕಿಂಥುಪ್ ಡಾರ್ಜಿಲಿಂಗ್‌ಗೆ ಬಂದು, ಕಂಡದ್ದನ್ನೆಲ್ಲ ನೆನಪಿನಿಂದ ಹೇಳಿದ. ಬೇರೆಯವರು ಬರೆದುಕೊಂಡರು. ಪಕ್ಕದ ತೊರೆಯೊಂದರ ಜಲಪಾತವನ್ನು ಸಾಂಗ್‌ಪೋದೇ ಅಂತ ಬರೆದರು. ಅವನ ಮಾತನ್ನು ಹೆಚ್ಚಿನವರು ನಂಬಲಿಲ್ಲ. 1913ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಬೈಲಿ ಮತ್ತು ಮೋರ್ಸ್‌ಹೆಡ್ ಆ ಕಣಿವೆಗೆ ಹೋಗಿ ನೋಡಿದಾಗ, ಕಿಂಥುಪ್ ಹೇಳಿದ್ದು ಬಹುಪಾಲು ನಿಜವಾಗಿತ್ತು. ಜಲಪಾತದ ತಪ್ಪು ಅವನದಲ್ಲ, ಬರೆದುಕೊಂಡವರದು. ಇಂಥ ಕಡೆ ಬರೆದವನ ಮಾತಿಗೇ ಬೆಲೆ ಜಾಸ್ತಿ, ನಡೆದವನದ್ದು ಆಮೇಲೆ. ಅದೇ ಕಾಲದಲ್ಲಿ ಟಿಬೆಟ್ ಸರ್ವೆ ಮಾಡಿದ ನೈನ್ ಸಿಂಗ್ ರಾವತ್ ಕಲಿತವರು. ಅವರಿಗೆ 1877ರಲ್ಲಿ ಲಂಡನ್‌ನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಚಿನ್ನದ ಪದಕ ಸಿಕ್ಕಿತು. ಖಂಡಿತ ಸಿಗಬೇಕಾದದ್ದೇ. ಕಿಂಥುಪ್‌ಗೆ ಪಿಂಚಣಿ ಕೊಡಿ ಅಂತ ಬೈಲಿ ಕೇಳಿದರೆ, ಸರ್ಕಾರ 1,000 ರೂಪಾಯಿ ಕೊಟ್ಟು ಕೈ ತೊಳೆದುಕೊಂಡಿತು.

ಭೂಗೋಳ ಪಾಠ ಮಾಡುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಸಾಂಗ್‌ಪೋ ಕಣಿವೆಯೊಳಗೆ ಮಾಯವಾಗುವ ಆ ತಿರುವಿನ ಹತ್ತಿರ ಬಂದಾಗ ಐದು ನಿಮಿಷ ನಿಲ್ಲಿ, ಮಕ್ಕಳಿಗೆ ಈ 500 ತುಂಡುಗಳ ಕಥೆ ಹೇಳಿ.