ಬಳೆಚೂರು, ಕೂದಲ ಹಗ್ಗ

ಚಂಡೀಗಢಕ್ಕೆ ಬಂದು ಹನ್ನೊಂದು ವರ್ಷವಾಯಿತು. ಊರಿನಿಂದ ಯಾರೇ ಬಂದರೂ ರಾಕ್ ಗಾರ್ಡನ್ ತೋರಿಸುವ ಕೆಲಸ ನನ್ನದೇ. ಹೊಸ ನಗರ ಕಟ್ಟಲು ಕೆಡವಿದ ಹಳ್ಳಿಗಳ ಮುರುಕು ಸಾಮಾನುಗಳನ್ನೆಲ್ಲ ರಸ್ತೆ ಇನ್‌ಸ್ಪೆಕ್ಟರ್ ನೇಕ್ ಚಂದ್ ಸೈಕಲ್ಲಿನಲ್ಲಿ ಹೇರಿಕೊಂಡು ಹೋಗಿ, ಸರ್ಕಾರಿ ಕಾಡಿನಲ್ಲಿ ಯಾರಿಗೂ ಹೇಳದೆ ವರ್ಷಗಟ್ಟಲೆ ಗೊಂಬೆ ಮಾಡಿದರು. ಸಿಕ್ಕಿಬಿದ್ದಾಗ ಕೆಡವಿಸಬಹುದಿತ್ತು. ಕೆಡವಲಿಲ್ಲ. 1976ರಲ್ಲಿ ಜನರಿಗೆ ತೆರೆದು, ಅವರಿಗೆ ಸಂಬಳವನ್ನೂ ಆಳುಗಳನ್ನೂ ಕೊಟ್ಟರು.

ಹೋದ ಚಳಿಗಾಲ ಅಮ್ಮ ಬಂದಿದ್ದಳು. ಬಳೆಚೂರು ಮೆತ್ತಿದ ಹೆಂಗಸರ ಸಾಲಿನ ಮುಂದೆ ಬಹಳ ಹೊತ್ತು ನಿಂತಳು. "ನಾವು ಒಂದು ಚೂರನ್ನೂ ಮನೆಯೊಳಗೆ ಇಟ್ಟುಕೊಳ್ಳಲ್ಲ ಕಣೋ, ಈತ ಸೀರೇನೇ ಉಡಿಸಿದಾನಲ್ಲ!"

ಹೌದು, ಸೀರೆ. ದೂರದಿಂದ ನೋಡಿದರೆ ಬಳೆ ಅನ್ನುವುದೇ ಮರೆತುಹೋಗುತ್ತದೆ. ನನಗೆ ಕೊರತೆ ಕಾಣುವುದೂ ಅಲ್ಲೇ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡರದು ಬೇರೆಯೇ ದಾರಿ. 2009ರ 'ಬಿಹೋಲ್ಡ್' ಕೃತಿಯಲ್ಲಿ ಕಾರಿನ ಉಕ್ಕಿನ ಬಂಪರುಗಳು ಕೂದಲ ಹಗ್ಗದಲ್ಲಿ ತೂಗುತ್ತವೆ. ಹಗ್ಗದ ಉದ್ದ ಸುಮಾರು 4,000 ಮೀಟರ್. ದೇವರಿಗೆ ಕೊಟ್ಟ ಮುಡಿಯಲ್ಲಿ ನೀಳವಾದದ್ದು ವಿಗ್ಗಿಗೆ ಹೋಗುತ್ತದೆ. ಗಿಡ್ಡದ್ದನ್ನು ಹೊಸೆದು, ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕಟ್ಟುತ್ತಾರೆ. ಶೀಲಾ ಅದನ್ನು ಗೊಂಬೆ ಮಾಡಲಿಲ್ಲ, ಬಣ್ಣ ಬಳಿಯಲಿಲ್ಲ. ಕೂದಲು ಕೂದಲಾಗಿಯೇ ಉಳಿಯಿತು. ಹರಕೆ, ಭಯ, ವ್ಯಾಪಾರ ಮೂರೂ ಅದರ ಜೊತೆಗೇ ಬಂದವು. 1917ರಲ್ಲಿ ಫ್ರೆಂಚ್ ಕಲಾವಿದ ದ್ಯೂಶಾಂ ಮೂತ್ರದ ಬೇಸಿನ್ನನ್ನು ಕಲೆ ಎಂದಾಗ ಅರ್ಥವನ್ನು ಹೊರಗಿನಿಂದ ತರಬೇಕಾಯಿತು. ಇಲ್ಲಿ ಡ್ರೈವರ್ ಅದನ್ನು ಮೊದಲೇ ಗಂಟುಹಾಕಿಟ್ಟಿದ್ದ.

ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ನಕಲಿ ಮೊಸಳೆ ಬಿಟ್ಟರಲ್ಲ, ಅದೂ ಇದೇ ಜಾತಿಯದ್ದು. ಅವರಿಗೆ ಬೀದಿಯಲ್ಲಿ ಸಿಕ್ಕ ವಸ್ತು ಗುಂಡಿಯೇ. (ಆ ಸರಕಿಗೆ ನಮ್ಮಲ್ಲಿ ಬರವಿಲ್ಲ.)

ಹಾಗಂತ ಚಂಡೀಗಢದ ಮೇಲೆ ಹೊಟ್ಟೆಕಿಚ್ಚಿಲ್ಲ ಎನ್ನಲಾರೆ. ಅದು ತನ್ನ ಗುಜರಿಗೆ ಊರೊಳಗೇ ಜಾಗ ಕೊಟ್ಟಿತು. 'ಬಿಹೋಲ್ಡ್' ನೋಡಬೇಕೆಂದರೆ ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದ ಕಡೆ ಮುಖಮಾಡಬೇಕು.

ಕಳೆದ ತಿಂಗಳು ಕಲಾಸಿಪಾಳ್ಯದಲ್ಲಿ ಒಂದು ಟೆಂಪೋ ಹಿಂದೆ ಅಂಥದೇ ಹಗ್ಗ ನೇತಾಡುತ್ತಿತ್ತು. ಧೂಳು ಕುಡಿದು ಕೆಂಚಗಾಗಿದ್ದ, ಬೆರಳುದಪ್ಪದ ಹುರಿ. ತಡೆಯಲಾರದೆ ಡ್ರೈವರಿಗೆ ಹೇಳಿಬಿಟ್ಟೆ: "ಇದನ್ನ ಲಂಡನ್ನಲ್ಲಿ ಮ್ಯೂಸಿಯಮ್‌ನೋರು ತಗೊಂಡಿದಾರೆ, ಗೊತ್ತಾ?"

ಅವನು ಹಗ್ಗವನ್ನು ಒಮ್ಮೆ ಎತ್ತಿ ನೋಡಿ ಬಿಟ್ಟ. "ಎಷ್ಟಕ್ಕೆ ಕೊಟ್ರಂತೆ ಸಾರ್?"