ಕಂಪ್ಯೂಟರ್ ಇಲ್ಲದೆ ಮಂಡಿ ಬದಲಿಸಿದರೆ ಅಮ್ಮನಿಗೆ ಮೋಸ ಮಾಡಿದಂತಲ್ಲ

ಮಂಡಿ ಬದಲಿಸುವ ಆಪರೇಷನ್ನಿಗೆ ನ್ಯಾವಿಗೇಷನ್, ಅಂದರೆ ಕಾಲಿನ ಅಳತೆಯನ್ನು ಸರ್ಜನ್ನರಿಗೆ ಪರದೆಯಲ್ಲಿ ತೋರಿಸುವ ಕಂಪ್ಯೂಟರ್, ಬೇಕಾ ಎಂದು ಕೇಳುವಾಗ ಎಷ್ಟೋ ಮಕ್ಕಳ ದನಿಯಲ್ಲಿ ಅಳುಕು ಇರುತ್ತದೆ. ದುಡ್ಡು ಜಾಸ್ತಿ ಅಂತ ಬೇಡ ಎಂದರೆ ಅಮ್ಮನಿಗೆ ಎರಡನೇ ದರ್ಜೆಯ ಚಿಕಿತ್ಸೆ ಕೊಡಿಸಿದಂತಾಗುತ್ತದೆ ಎಂಬ ಭಯ. ಅದೊಂದಕ್ಕೇ ಸಾಲ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ.

ನ್ಯಾವಿಗೇಷನ್ ಒಳ್ಳೆಯ ಸಾಧನ, ಅದರಲ್ಲಿ ಅನುಮಾನವಿಲ್ಲ. ತೊಡೆಮೂಳೆಗೂ ಮಂಡಿಯ ಕೆಳಗಿನ ಕಾಲಿನ ಮೂಳೆಗೂ ಪಿನ್ನು ಹಾಕಿ, ಬೆಳಕು ಪ್ರತಿಫಲಿಸುವ ಸಣ್ಣ ಗುಂಡುಗಳನ್ನು ಕೂರಿಸುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾ ಅವುಗಳನ್ನೇ ನೋಡುತ್ತಿರುತ್ತದೆ. ಸರ್ಜನ್ ಕಾಲನ್ನು ಸುತ್ತ ತಿರುಗಿಸಿದರೆ ಸೊಂಟದ ಕೀಲಿನ ನಡುಬಿಂದು ಎಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಲ್ಲಿಂದ ಪಾದದ ಕೀಲಿನ ತನಕ ಕಾಲು ಎಷ್ಟು ಡಿಗ್ರಿ ವಾಲಿದೆ ಎಂದು ಪರದೆಯಲ್ಲಿ ಕಾಣುತ್ತದೆ. ಮೂಳೆ ಕತ್ತರಿಸುವುದು ಸರ್ಜನ್ನರ ಕೈಯೇ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸರ್ಜನ್ ಡೊಮಿನಿಕ್ ಸರಗಾಗ್ಲಿಯಾ ಅವರ ತಂಡ 1997ರಲ್ಲೇ ಇದನ್ನು ಮೊದಲು ಮಾಡಿತ್ತು. ಹಾಗಾಗಿ ನಿನ್ನೆ ಮೊನ್ನೆ ಬಂದ ಪವಾಡ ಎಂಬಂತೆ ಯಾರಾದರೂ ಹೇಳಿದರೆ ನಂಬಬೇಡಿ.

ಕೆಲವರಿಗೆ ಇದು ನಿಜಕ್ಕೂ ಬೇಕು. ಮಾಮೂಲಿ ವಿಧಾನದಲ್ಲಿ ತೊಡೆಮೂಳೆಯೊಳಗೆ ಉದ್ದನೆಯ ಸರಳು ತೂರಿಸಿ ಅಳತೆ ತೆಗೆಯುತ್ತಾರೆ. ಹಿಂದೆ ಮೂಳೆ ಮುರಿದು ಒಳಗೆ ರಾಡ್ ಇದ್ದರೆ ಆ ಸರಳು ಹೋಗುವುದಿಲ್ಲ. ಮೂಳೆಯೇ ಬಾಗಿದ್ದರೆ ಅಳತೆ ತಪ್ಪಬಹುದು. ಅಂಥವರಿಗೆ ಖರ್ಚು ಮಾಡಿ ಅಂತ ನಾನೇ ಹೇಳುತ್ತೇನೆ.

ಉಳಿದವರ ಕಥೆ ಏನು? ನ್ಯಾವಿಗೇಷನ್ ಬಳಸಿದರೆ ಸೊಂಟದಿಂದ ಪಾದದ ತನಕದ ಕಾಲಿನ ನೇರ ಗೆರೆ ಮೂರು ಡಿಗ್ರಿಗಿಂತ ಹೆಚ್ಚು ತಪ್ಪುವುದು ಕಡಿಮೆ, ಇದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ನೋವು, ನಡಿಗೆ, ಮೆಟ್ಟಿಲು ಹತ್ತುವುದು ನೋಡಿದರೆ ದೊಡ್ಡ ವ್ಯತ್ಯಾಸವಿಲ್ಲ. ಆಸ್ಟ್ರೇಲಿಯಾದ ಕೀಲು ಬದಲಾವಣೆಯ ರಾಷ್ಟ್ರೀಯ ದಾಖಲೆ ಆಧರಿಸಿ 2015ರಲ್ಲಿ ಬಂದ ವರದಿಯೊಂದಿದೆ. 65 ವರ್ಷಕ್ಕಿಂತ ಚಿಕ್ಕವರಲ್ಲಿ ಒಂಬತ್ತು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ಮಾಮೂಲಿ ವಿಧಾನದಲ್ಲಿ 7.8%, ನ್ಯಾವಿಗೇಷನ್‌ನಲ್ಲಿ 6.3%. ನೂರಕ್ಕೆ ಒಂದೂವರೆ ಜನದ ಲಾಭ. 55ರ ಹರೆಯದವರಿಗೆ ಅದು ಸಣ್ಣದಲ್ಲ, ಅವರ ಹೊಸ ಮಂಡಿ ಬಹಳ ವರ್ಷ ಬಾಳಬೇಕಲ್ವಾ. 75 ದಾಟಿದ ಅಮ್ಮನಿಗಾಗಿ ಚಿನ್ನ ಅಡವಿಡುವಷ್ಟು ದೊಡ್ಡದೂ ಅಲ್ಲ.

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿ ಕೀಲುಗಳ, ಅಂದರೆ ಇಂಪ್ಲಾಂಟ್‌ಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಲೋಹದ ಇಂಪ್ಲಾಂಟ್‌ಗೆ ಆಗ 54,720 ರೂಪಾಯಿ, ಮೇಲೆ ಜಿಎಸ್‌ಟಿ. ಆ ಮಿತಿ ಇಂಪ್ಲಾಂಟ್‌ಗೆ ಮಾತ್ರ, ನ್ಯಾವಿಗೇಷನ್ ಶುಲ್ಕಕ್ಕೆ ಅಲ್ಲ. ಬಿಲ್ಲಿನಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. "ನಮ್ಮಮ್ಮನ ಮಂಡಿಗೇ ಇದು ಯಾಕೆ ಬೇಕು" ಅಂತ ಸಂಕೋಚವಿಲ್ಲದೆ ಕೇಳಿ. ಈ ಸರ್ಜನ್ ವರ್ಷಕ್ಕೆ ಎಷ್ಟು ಮಂಡಿ ಬದಲಿಸುತ್ತಾರೆ ಎನ್ನುವುದು ನನಗೆ ಯಂತ್ರದ ಹೆಸರಿಗಿಂತ ಮುಖ್ಯ.

ಆಮೇಲೆ ಫಿಸಿಯೋಥೆರಪಿ. ಆಪರೇಷನ್ನಿಗೆ ಲಕ್ಷಗಟ್ಟಲೆ ಸುರಿದು ಇದಕ್ಕೆ ಕೈ ಬಿಗಿ ಹಿಡಿಯುವ ಮನೆಗಳನ್ನು ಕಂಡರೆ ಸಂಕಟವಾಗುತ್ತದೆ. ಶುರುವಿನ ವಾರಗಳಲ್ಲಿ ಮಡಚುವ ಅಭ್ಯಾಸ ತಪ್ಪಿದರೆ, ಎಷ್ಟೇ ನೇರ ಕೂರಿಸಿದ ಮಂಡಿಯೂ ಬಿಗಿದುಕೊಳ್ಳಬಹುದು. ಉಳಿಸಿದ ದುಡ್ಡಲ್ಲಿ ಮನೆಗೆ ಬರುವ ಒಳ್ಳೆಯ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಆಪರೇಷನ್ನಿಗೆ ಮೊದಲೇ ಗೊತ್ತು ಮಾಡಿಕೊಳ್ಳಿ.