ಹೋದ ಪ್ರೋಗ್ರಾಂ, ಹೋಗದ ಫೋಲ್ಡರ್

ಪ್ರೋಗ್ರಾಂ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿದ ಕೂಡಲೇ ಬ್ರೌಸರ್ ತಾನಾಗಿ ತೆರೆದುಕೊಂಡು ‘ನಮ್ಮನ್ನು ಯಾಕೆ ಬಿಟ್ಟಿರಿ?’ ಎಂದು ಕೇಳುತ್ತದಲ್ಲ, ಆ ಪುಟ ಕಂಡರೆ ಮೈಯೆಲ್ಲ ಉರಿಯುತ್ತದೆ. ಬಿಟ್ಟವರು ನಾವು ಸರಿ, ಅದು ಎಲ್ಲಿ ಬಿಟ್ಟಿದೆ? ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ‘ಆಪ್‌ಡೇಟಾ’ ಎಂದು ಟೈಪ್ ಮಾಡಿ ನೋಡಿ. ರೋಮಿಂಗ್ ಫೋಲ್ಡರಿನಲ್ಲಿ ಆಸಾಮಿ ಕಾಲು ಚಾಚಿಕೊಂಡಿರುತ್ತಾನೆ. ಪಕ್ಕದ ಲೋಕಲ್‌ನಲ್ಲಿ ಅವನ ಕ್ಯಾಶ್ (ತಾತ್ಕಾಲಿಕವಾಗಿ ಕೂಡಿಟ್ಟ ಫೈಲುಗಳು), ಸಿ ಡ್ರೈವಿನ ಹಿಡನ್ ಪ್ರೋಗ್ರಾಂಡೇಟಾದಲ್ಲಿ ಲೈಸೆನ್ಸು, ಲಾಗು (ನಡೆದದ್ದರ ದಾಖಲೆ).

ಇದು ಮರೆವಲ್ಲ. ಇನ್‌ಸ್ಟಾಲರ್ ಕಟ್ಟಿಕೊಡುವ ‘ಇನ್ನೋ ಸೆಟಪ್’ ಎಂಬ ಸಾಧನ ಬಳಸಿದ ಪ್ರೋಗ್ರಾಂನ ಫೋಲ್ಡರಿನಲ್ಲಿ ‘ಅನ್‌ಇನ್ಸ್000’ ಹೆಸರಿನ ಜೋಡಿ ಫೈಲ್ ಇರುತ್ತದೆ: ಒಂದು ಇಎಕ್ಸ್‌ಇ, ಇನ್ನೊಂದು ಡಿಎಟಿ. ಇನ್‌ಸ್ಟಾಲ್ ಆಗುವಾಗ ಎಲ್ಲೆಲ್ಲಿ ಏನೇನು ಇಟ್ಟದ್ದು ಎಂಬ ಪಟ್ಟಿ ಡಿಎಟಿಯಲ್ಲಿದೆ. ತೆಗೆಯುವಾಗ ಪಟ್ಟಿಯಲ್ಲಿದ್ದದ್ದು ಹೋಗುತ್ತದೆ. ಪ್ರೋಗ್ರಾಂ ಆಮೇಲೆ ತಾನೇ ಬರೆದುಕೊಂಡ ಸೆಟ್ಟಿಂಗು, ಲಾಗು ಅದರಲ್ಲಿ ಇರುವುದೇ ಇಲ್ಲ. ಫೋಲ್ಡರ್ ಖಾಲಿಯಿದ್ದರಷ್ಟೇ ಅಳಿಸುವ ನಿಯಮ ಬೇರೆ. ಒಂದು ಕಿಲೋಬೈಟಿನ ಲಾಗ್ ಉಳಿದರೂ ಫೋಲ್ಡರ್ ಅಲುಗುವುದಿಲ್ಲ. ನಿಮ್ಮ ಸ್ವಂತ ಫೈಲ್ ಏನಾದರೂ ಅದರೊಳಗಿದ್ದರೆ ಎಂಬ ಎಚ್ಚರಿಕೆ, ಒಪ್ಪೋಣ. ಆದರೆ ‘ಇದನ್ನೂ ತೆಗೆಯಲೇ?’ ಎಂದು ಒಂದು ಟಿಕ್ ಬಾಕ್ಸ್ ಇಡುವುದಕ್ಕೆ ಏನು ಧಾಡಿ? ಕಾರಣ ಕೇಳುವುದಕ್ಕೆ ಮಾತ್ರ ಪುರಸೊತ್ತಿದೆ.

ಅದಿರಲಿ, ಅನ್‌ಇನ್‌ಸ್ಟಾಲರ್‌ನ ಪಾಡು ನೋಡಿದರೆ ಒಂಚೂರು ಕನಿಕರವೂ ಹುಟ್ಟುತ್ತದೆ. ಎಲ್ಲವನ್ನೂ ಅಳಿಸಿದ ಮೇಲೆ ಅದು ತನ್ನನ್ನೂ ಅಳಿಸಿಕೊಳ್ಳಬೇಕು. ಓಡುತ್ತಿರುವ ಇಎಕ್ಸ್‌ಇಯನ್ನು ಅಳಿಸಲು ವಿಂಡೋಸ್ ಬಿಡುವುದಿಲ್ಲ. ಕೂತ ಕೊಂಬೆ ಕಡಿಯುವ ಕೆಲಸ. ಅದಕ್ಕೇ ಟೆಂಪ್ ಫೋಲ್ಡರಿಗೆ ತನ್ನದೊಂದು ನಕಲು ಹಾಕಿ, ಅದನ್ನು ಓಡಿಸಿ, ತಾನು ಜಾಗ ಖಾಲಿ ಮಾಡುತ್ತದೆ. ನಕಲು ಅಸಲನ್ನು ಅಳಿಸುತ್ತದೆ. ಸರಿ, ನಕಲನ್ನು ಅಳಿಸುವವರು ಯಾರು? ವಿಂಡೋಸ್ ತನ್ನ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗು ಬರೆದಿಡುವ ರಿಜಿಸ್ಟ್ರಿಯಲ್ಲಿ, ಸೆಷನ್ ಮ್ಯಾನೇಜರ್ ಎಂಬ ಕೀ (ಅಲ್ಲಿ ಫೋಲ್ಡರ್ ಇದ್ದ ಹಾಗೆ) ಒಳಗೆ, ‘ಪೆಂಡಿಂಗ್‌ಫೈಲ್‌ರಿನೇಮ್‌ಆಪರೇಷನ್ಸ್’ ಎಂಬ ಮಾರುದ್ದದ ಹೆಸರಿನ ಇನ್ನೊಂದು ಪಟ್ಟಿಯಿದೆ. ಅಲ್ಲಿ ಹೆಸರುಗಳು ಜೋಡಿಜೋಡಿ: ಹಳೆಯದು, ಹೊಸದು. ಹೊಸದರ ಜಾಗ ಖಾಲಿಯಿದ್ದರೆ ಅಳಿಸಬೇಕು ಅಂತ. ಮುಂದಿನ ಬೂಟ್‌ನಲ್ಲಿ, ಡಿಸ್ಕ್ ತಪಾಸಣೆ ಮುಗಿದು ಪೇಜಿಂಗ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಹುಟ್ಟುವ ಮೊದಲು, ಇದು ಜಾರಿಯಾಗುತ್ತದೆ. ಪಟ್ಟಿಗೆ ಸೇರಿಸಲು ಅಡ್ಮಿನ್ ಹಕ್ಕು ಬೇಕು; ಇಲ್ಲದಿದ್ದರೆ ನಕಲು ಟೆಂಪ್‌ನಲ್ಲೇ ಠಿಕಾಣಿ. ಹಕ್ಕಿದ್ದರೂ ಇನ್ನೊಂದು ತೊಡಕು: ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂಬುದು ಪೂರ್ತಿ ಶಟ್‌ಡೌನೇ ಅಲ್ಲ, ವಿಂಡೋಸಿನ ತಿರುಳಾದ ಕರ್ನಲ್ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗಿರುತ್ತದೆ (ಹೈಬರ್ನೇಟ್); ಮರುದಿನ ಆಗುವುದು ಹೊಸ ಬೂಟ್ ಅಲ್ಲ. ದಿನಾ ರಾತ್ರಿ ಶಿಸ್ತಾಗಿ ಶಟ್‌ಡೌನ್ ಮಾಡಿ ಮಲಗುವವರ ಮಷಿನ್ನಿನಲ್ಲೇ ಈ ಪಟ್ಟಿ ಕೊಳೆಯುತ್ತಾ ಬಿದ್ದಿರುತ್ತದೆ. ರೀಸ್ಟಾರ್ಟ್ ಒತ್ತಬೇಕು. ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ ಹಾಕಲು ಹೋದಾಗ ಅದರ ಸೆಟಪ್ ಈ ಪಟ್ಟಿಯನ್ನು ನೋಡಿ ‘ಮೊದಲು ರೀಸ್ಟಾರ್ಟ್ ಮಾಡಿ ಬನ್ನಿ’ ಎಂದು ಬಾಗಿಲಲ್ಲೇ ತಡೆಯುವುದುಂಟು.

ಉಳಿಕೆಯನ್ನು ಕೈಯಾರೆ ತೆಗೆಯುವವರು ಫೋಲ್ಡರ್ ಹೆಸರಿನ ಕೊನೆಗೆ ‘ಓಲ್ಡ್’ ಎಂದು ಸೇರಿಸಿ ಒಂದು ವಾರ ಬಿಡಿ. ಯಾವ ಪ್ರೋಗ್ರಾಮೂ ತಕರಾರು ಎತ್ತದಿದ್ದರೆ ಅಳಿಸಿ. ರಿಜಿಸ್ಟ್ರಿಯಲ್ಲಿ ಕಂಪನಿ ಹೆಸರಿನ ಕೀಯನ್ನು ಇಡಿಯಾಗಿ ಕಿತ್ತರೆ ಅದೇ ಕಂಪನಿಯ ಬೇರೆ ಪ್ರೋಗ್ರಾಂನ ಸೆಟ್ಟಿಂಗೂ ಹೋಗುತ್ತದೆ, ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ವಿಂಡೋಸ್ ಫೋಲ್ಡರಿನೊಳಗಿನ ‘ಇನ್‌ಸ್ಟಾಲರ್’ ಎಷ್ಟೇ ಜಿಬಿ ತಿಂದಿರಲಿ, ಕೈ ಹಾಕಬೇಡಿ: ರಿಪೇರಿಗೆ, ಅಪ್‌ಡೇಟಿಗೆ, ಅನ್‌ಇನ್‌ಸ್ಟಾಲಿಗೆ ಬೇಕಾದ ಎಂಎಸ್‌ಐಗಳು (ಇನ್‌ಸ್ಟಾಲ್ ಪ್ಯಾಕೇಜ್ ಫೈಲುಗಳು) ಅಲ್ಲೇ ಇರುವುದು. ಒಂದು ಕ್ಲಿಕ್ಕಿಗೆ ಎಲ್ಲ ಗುಡಿಸುತ್ತೇವೆ ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳಂತೂ ಬೇಡವೇ ಬೇಡ. ಬೇರೆ ಪ್ರೋಗ್ರಾಂಗಳಿಗೂ ಏಟು ಬೀಳುತ್ತದೆಂದು ಮೈಕ್ರೋಸಾಫ್ಟ್ ತನ್ನದೇ ‘ವಿಂಡೋಸ್ ಇನ್‌ಸ್ಟಾಲರ್ ಕ್ಲೀನ್‌ಅಪ್’ ಸಾಧನವನ್ನು 2010ರಲ್ಲಿ ವಾಪಸ್ ತೆಗೆದುಕೊಂಡಿತು.

ಅನಾಥವಾಗಿ ಉಳಿದ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ತೆಗೆಯಲು ‘ಎಸ್‌ಸಿ ಡಿಲೀಟ್’ ಕಮಾಂಡ್ ಇದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸ್‌ಪ್ಲೇ ಹೆಸರಲ್ಲ, ಪ್ರಾಪರ್ಟೀಸ್‌ನಲ್ಲಿ ಕಾಣುವ ಸರ್ವಿಸ್ ಹೆಸರು ಕೊಡಬೇಕು. ಇದನ್ನೇ ವಿಂಡೋಸ್ ಜೊತೆಗೇ ಬರುವ ಇನ್ನೊಂದು ಕಮಾಂಡ್ ಕಿಟಕಿ ಪವರ್‌ಶೆಲ್‌ನಲ್ಲಿ ಟೈಪ್ ಮಾಡಿದಿರೋ, ಅಲ್ಲಿ ‘ಎಸ್‌ಸಿ’ ಎಂದರೆ ‘ಸೆಟ್-ಕಂಟೆಂಟ್’, ಫೈಲಿಗೆ ಬರೆಯುವ ಕಮಾಂಡ್. ಎರರ್ ಇಲ್ಲ, ಸದ್ದಿಲ್ಲ. ಸರ್ವಿಸ್ ಇದ್ದಲ್ಲೇ ಇರುತ್ತದೆ. ಜೊತೆಗೆ ನೀವು ನಿಂತ ಫೋಲ್ಡರಿನಲ್ಲಿ ‘ಡಿಲೀಟ್’ ಎಂಬ ಹೆಸರಿನ ಹೊಸದೊಂದು ಫೈಲ್ ಹುಟ್ಟಿರುತ್ತದೆ.